“ನಮ್ಮಜ್ಜ ಬಂಡವಾಳಶಾಹಿನಾ, ಸಮಾಜವಾದಿನಾ?”: ಕೈಗಾರಿಕಾ ಕ್ರಾಂತಿಯ ಪಾಠ ಎಲ್ಲಿಂದ ಶುರುವಾಗಬೇಕು

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಅದು ನನ್ನ ಪ್ರಶ್ನೆ ಅಲ್ಲ, ಒಂಬತ್ತನೇ ತರಗತಿಯ ಒಬ್ಬ ಹುಡುಗಿಯದು.

ನಾನು ದಾವಣಗೆರೆಯಲ್ಲಿ ಪ್ರೌಢಶಾಲೆ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡೋ ಮೇಷ್ಟ್ರು. ಅವತ್ತು ಕೈಗಾರಿಕಾ ಕ್ರಾಂತಿಯ ಪಾಠ ಮುಗಿಸಿ, ಬೋರ್ಡಿನ ಮಧ್ಯೆ ಒಂದು ಗೆರೆ ಎಳೆದಿದ್ದೆ. ಎಡಗಡೆ ‘ಬಂಡವಾಳಶಾಹಿ’, ಬಲಗಡೆ ‘ಸಮಾಜವಾದ’. ಒಂದು ಕಡೆ ಖಾಸಗಿ ಒಡೆತನ, ಇನ್ನೊಂದು ಕಡೆ ಸಾಮೂಹಿಕ ಒಡೆತನ. ಒಂದು ಕಡೆ ಲಾಭ, ಇನ್ನೊಂದು ಕಡೆ ಸಮಾನತೆ. ಮಕ್ಕಳು ತಲೆ ತಗ್ಗಿಸಿ ಬರ್ಕೊಳ್ತಾ ಇದ್ರು. ಪರೀಕ್ಷೆಗೆ ಬರುವ ಪ್ರಶ್ನೆ, ನಾಲ್ಕು ಅಂಕ ಗ್ಯಾರಂಟಿ.

ಆಗ ಆ ಹುಡುಗಿ ಎದ್ದು ನಿಂತು ಕೇಳಿದಳು. “ಸರ್, ನಮ್ಮಜ್ಜ ಮಿಲ್‌ನಲ್ಲಿ ಕೆಲಸ ಮಾಡ್ತಿದ್ರು. ಅವರು ಬಂಡವಾಳಶಾಹಿನಾ, ಸಮಾಜವಾದಿನಾ?”

ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಉತ್ತರ ಕೊಡೋಕೆ ಹೋದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. “ಮುಂದಿನ ಕ್ಲಾಸಿನಲ್ಲಿ ಹೇಳ್ತೀನಿ ಕೂತ್ಕೋ ಅಮ್ಮ” ಅಂದುಬಿಟ್ಟೆ. ಮೇಷ್ಟ್ರುಗಳು ತಪ್ಪಿಸಿಕೊಳ್ಳೋ ದಾರಿ ಅದು, ನಿಮಗೂ ಗೊತ್ತು.

ದಾವಣಗೆರೆಯನ್ನ ‘ಕರ್ನಾಟಕದ ಮ್ಯಾಂಚೆಸ್ಟರ್’ ಅಂತ ಕರೀತಿದ್ರು. ಮಕ್ಕಳಿಗೆ ಈ ಮಾತು ಬಾಯಿಪಾಠ. ಮಿಲ್‌ಗಳು ಮುಚ್ಚಿ ಹೋದ ಮೇಲೆ ಹುಟ್ಟಿದ ಮಕ್ಕಳು ಇವರು, ಸೈರನ್ ಕೇಳಿದವರಲ್ಲ. ನಿಜವಾದ ಮ್ಯಾಂಚೆಸ್ಟರ್ ಹೇಗಿತ್ತು, ಅಲ್ಲಿ ಯಾರು ಯಾರ ಜೊತೆ ಯಾತಕ್ಕೆ ಜಗಳ ಆಡಿದ್ರು, ಆ ಜಗಳದಿಂದ ಈ ‘ವಾದ’ಗಳು ಹೇಗೆ ಹುಟ್ಟಿದವು ಅನ್ನೋದನ್ನ ನಾನು ಹೇಳಿರಲೇ ಇಲ್ಲ. ಉತ್ತರಗಳನ್ನ ಮೊದಲು ಬರೆಸಿಬಿಟ್ಟಿದ್ದೆ, ಪ್ರಶ್ನೆ ಏನಿತ್ತು ಅಂತ ಹೇಳೋದು ಬಿಟ್ಟುಹೋಗಿತ್ತು. ಆ ವಾರ ಪಾಠವನ್ನ ತಿರುಗಿಸಿ ಮೊದಲಿನಿಂದ ಮಾಡಿದೆ. ಇವತ್ತಿನ ಸಂಚಿಕೆ ಅದೇ ಪಾಠ.

ಮೊದಲು ಗಂಟೆ

ಎರಡನೇ ಸಲ ನಾನು ಯಾವ ವಾದದಿಂದಲೂ ಶುರು ಮಾಡಲಿಲ್ಲ, ಗಂಟೆಯಿಂದ ಶುರು ಮಾಡಿದೆ.

ಮನೆಯಲ್ಲಿ ಮಗ್ಗ ಇಟ್ಟುಕೊಂಡ ನೇಕಾರ ಬಡವನೇ. ಹೆಂಡತಿ ಮಕ್ಕಳೂ ಅವನ ಜೊತೆ ದುಡಿಯಬೇಕಿತ್ತು. ಆದರೆ ಸೋಮವಾರ ಕೆಲಸ ಮಾಡ್ಬೇಕಾ, ಅವತ್ತು ನಿಧಾನ ಮಾಡಿ ಶುಕ್ರವಾರ ರಾತ್ರಿಯೆಲ್ಲ ಕೂತು ನೇಯ್ಬೇಕಾ ಅನ್ನೋದು ಅವನ ಕೈಯಲ್ಲಿತ್ತು. 1769ರಲ್ಲಿ ರಿಚರ್ಡ್ ಆರ್ಕ್‌ರೈಟ್ ನೀರಿನ ಶಕ್ತಿಯಿಂದ ನೂಲುವ ಯಂತ್ರಕ್ಕೆ ಪೇಟೆಂಟ್ ತಗೊಂಡ. 1771ರಲ್ಲಿ ಕ್ರಾಮ್‌ಫರ್ಡ್ ಅನ್ನೋ ಹಳ್ಳಿಯಲ್ಲಿ ಗಿರಣಿ ಕಟ್ಟಿಸಲು ಶುರು ಮಾಡಿದ. ನೀರು ಹರೀತಾ ಇದ್ದಷ್ಟು ಹೊತ್ತು ಚಕ್ರ ತಿರುಗುತ್ತೆ. ಚಕ್ರ ತಿರುಗುವಷ್ಟು ಹೊತ್ತು ಜನ ಅಲ್ಲಿರಬೇಕು. ಯಂತ್ರಕ್ಕೆ ಹಾಕಿದ ದುಡ್ಡು ವಾಪಸ್ ಬರಬೇಕಾದರೆ ಅದು ರಾತ್ರಿಯೂ ನಿಲ್ಲಬಾರದು. ಹೀಗಾಗಿ ಗಂಟೆ ಬಂತು, ಪಾಳಿ ಬಂತು, ತಡವಾಗಿ ಬಂದರೆ ದಂಡ ಬಂತು.

ಆಮೇಲೆ ಉಗಿಯಂತ್ರ ಸೇರಿಕೊಂಡಿತು. ಹಳ್ಳದ ದಂಡೆಯ ಹಂಗು ತಪ್ಪಿತು, ಗಿರಣಿಗಳು ಪೇಟೆಗೆ ಬಂದವು, ಜನವೂ ಅವುಗಳ ಹಿಂದೆ ಬಂದರು. ಮ್ಯಾಂಚೆಸ್ಟರ್ ಹಾಗೆ ಬೆಳೆದ ಊರು.

ಒಳಗೆ ಮಕ್ಕಳು ಯಾಕೆ ಬೇಕಾಗಿದ್ರು? ನೂಲುವಾಗ ಎಳೆ ಪದೇ ಪದೇ ತುಂಡಾಗುತ್ತೆ, ಅದನ್ನ ಜೋಡಿಸೋಕೆ ಚುರುಕಾದ ಸಣ್ಣ ಬೆರಳು ಬೇಕು. ಯಂತ್ರದ ಅಡಿಯಲ್ಲಿ ಬಿದ್ದ ಹತ್ತಿ ಗುಡಿಸೋಕೆ ಸಣ್ಣ ಮೈ ಬೇಕು, ಅದೂ ಯಂತ್ರ ಓಡ್ತಾ ಇರುವಾಗಲೇ. ಜೊತೆಗೆ ಮಕ್ಕಳ ಕೂಲಿ ಕಡಿಮೆ.

1832ರಲ್ಲಿ ಮೈಕೇಲ್ ಸ್ಯಾಡ್ಲರ್ ಅನ್ನೋ ಸಂಸದನ ನೇತೃತ್ವದಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೊಂದು ಗಿರಣಿ ಕಾರ್ಮಿಕರ ಸಾಕ್ಷ್ಯ ಕೇಳಿತು. ಅಲ್ಲಿ ಎಲಿಜಬೆತ್ ಬೆಂಟ್ಲಿ ಅನ್ನೋ 23 ವರ್ಷದ ಹೆಣ್ಣುಮಗಳು ಹೇಳಿದ್ದು: ಆರು ವರ್ಷಕ್ಕೇ ಲೀಡ್ಸ್‌ನ ನಾರಿನ ಗಿರಣಿ ಸೇರಿದೆ, ಕೆಲಸ ಜಾಸ್ತಿ ಇದ್ದಾಗ ಬೆಳಗ್ಗೆ 5ರಿಂದ ರಾತ್ರಿ 9ರ ತನಕ ದುಡಿದೆ, ಊಟಕ್ಕೆ ಮಧ್ಯಾಹ್ನ 40 ನಿಮಿಷ.

ಇಷ್ಟು ಹೇಳಿ ನಾನು ಮಕ್ಕಳಿಗೆ ಬೋರ್ಡಿನ ಮೇಲೆ ಮೂರು ಪ್ರಶ್ನೆ ಬರೆದೆ. ಗಂಟೆ ಬಾರಿಸೋ ಅಧಿಕಾರ ಯಾರದು? ದುಡಿಮೆಯಿಂದ ಬಂದ ಲಾಭ ಯಾರಿಗೆ ಎಷ್ಟು? ಇದರ ಮಧ್ಯೆ ಸರ್ಕಾರ ಬರಬೇಕಾ, ಬೇಡ್ವಾ? ಹತ್ತೊಂಬತ್ತನೇ ಶತಮಾನದ ಆರ್ಥಿಕ ವಾದಗಳೆಲ್ಲ ಈ ಮೂರು ಪ್ರಶ್ನೆಗಳ ಸುತ್ತಲೇ ಸುತ್ತುತ್ತವೆ.

ಒಂದೇ ಗಿರಣಿ, ಬೇರೆ ಬೇರೆ ಕಣ್ಣು

ಬಂಡವಾಳಶಾಹಿ ಅಂದ ತಕ್ಷಣ ಬರೋ ಹೆಸರು ಆಡಮ್ ಸ್ಮಿತ್. ಅವನ ದೊಡ್ಡ ಪುಸ್ತಕ ಬಂದದ್ದು 1776ರಲ್ಲಿ, ಗಿರಣಿಗಳು ಇನ್ನೂ ಬೆರಳೆಣಿಕೆಯಷ್ಟು ಇದ್ದ ಕಾಲ. ಅವನು ಕೊಟ್ಟ ಉದಾಹರಣೆ ಗುಂಡುಸೂಜಿ ಮಾಡೋ ಚಿಕ್ಕ ಕಾರ್ಖಾನೆಯದು. ಹತ್ತು ಜನ ಕೆಲಸ ಹಂಚಿಕೊಂಡರೆ ದಿನಕ್ಕೆ 48,000 ಸೂಜಿ. ತರಬೇತಿ ಇಲ್ಲದ ಒಬ್ಬನೇ ಕೂತು ಎಲ್ಲ ಕೆಲಸ ಮಾಡಿದರೆ 20 ಕೂಡ ಕಷ್ಟ. ಇದು ಎಲ್ಲ ಪುಸ್ತಕದಲ್ಲೂ ಇದೆ. ಇಲ್ಲದ್ದು ಏನು ಅಂದ್ರೆ, ಅದೇ ಸ್ಮಿತ್ ಮುಂದೆ ಇನ್ನೊಂದು ಎಚ್ಚರಿಕೆಯನ್ನೂ ಕೊಡ್ತಾನೆ. ಬದುಕಿಡೀ ಒಂದೇ ಸಣ್ಣ ಕೆಲಸ ಮಾಡಿದವನ ಬುದ್ಧಿ ಮಂಕಾಗುತ್ತೆ, ಅದಕ್ಕೆ ಬಡವರ ಮಕ್ಕಳ ಓದಿಗೆ ಸರ್ಕಾರ ಗಮನ ಕೊಡಬೇಕು ಅಂತಾನೆ. ವ್ಯಾಪಾರಿಗಳು ಒಟ್ಟಿಗೆ ಸೇರಿದರೆ ಬೆಲೆ ಏರಿಸೋ ಸಂಚಿಗೇ ಹೊರಡ್ತಾರೆ ಅನ್ನೋ ಅನುಮಾನವೂ ಅವನಿಗಿತ್ತು. ಮಕ್ಕಳಿಗೆ ಇಲ್ಲಿಂದಲೇ ಗೊಂದಲ ಶುರು. “ಸರ್, ಇವನು ಎಡಗಡೆ ಕಾಲಂ ತಾನೆ?” ಅಂದ ಒಬ್ಬ ಹುಡುಗ. ಬರ್ಕೋಬೇಡ, ಸುಮ್ನೆ ಕೇಳು ಅಂದೆ.

ಎರಡನೆಯವನು ರಾಬರ್ಟ್ ಓವನ್. ಸ್ಕಾಟ್ಲೆಂಡಿನ ನ್ಯೂ ಲನಾರ್ಕ್‌ನಲ್ಲಿ ಹತ್ತಿ ಗಿರಣಿ. 1799ರಲ್ಲಿ ಪಾಲುದಾರರ ಜೊತೆ ಸೇರಿ ಕೊಂಡುಕೊಂಡು, 1800ರಿಂದ ತಾನೇ ನಡೆಸಿದ. ಅಂದ್ರೆ ಮಾಲೀಕ, ಒಡೆಯ, ಲಾಭ ಮಾಡಿದವನು. ಆದರೆ 10 ವರ್ಷದೊಳಗಿನ ಮಕ್ಕಳನ್ನ ಕೆಲಸಕ್ಕೆ ತಗೊಳ್ಳೋದು ನಿಲ್ಲಿಸಿದ, ಅವರಿಗೆ ಶಾಲೆ ಕಟ್ಟಿಸಿದ, ದಿನದ ದುಡಿಮೆಯನ್ನ ಹತ್ತೂವರೆ ಗಂಟೆಗೆ ಇಳಿಸಿದ, ನ್ಯಾಯಬೆಲೆಯ ಅಂಗಡಿ ತೆರೆದ. ಅಮೆರಿಕದಿಂದ ಹತ್ತಿ ನಿಂತು ಗಿರಣಿ ಕೆಲವು ತಿಂಗಳು ಮುಚ್ಚಿದಾಗಲೂ ಪೂರ್ತಿ ಕೂಲಿ ಕೊಟ್ಟ. ಅಷ್ಟಾದರೂ ಗಿರಣಿ ಲಾಭದಲ್ಲೇ ನಡೀತು.

ಹಾಗಂತ ಓವನ್‌ನನ್ನ ದೇವರು ಮಾಡೋದು ಬೇಡ. ಒಬ್ಬೊಬ್ಬ ಕೆಲಸಗಾರನ ಹತ್ತಿರ ನಾಲ್ಕು ಬಣ್ಣದ ಒಂದು ಮರದ ತುಂಡು ತೂಗುಹಾಕ್ತಿದ್ದ. ನಿನ್ನೆ ಕೆಲಸ ಕೆಟ್ಟದಾಗಿದ್ರೆ ಕಪ್ಪು ಬದಿ, ಅತ್ಯುತ್ತಮವಾಗಿದ್ರೆ ಬಿಳಿ ಬದಿ ಎದುರಿಗೆ. ಬೈಗುಳ ಇಲ್ಲ, ಹೊಡೆತ ಇಲ್ಲ, ಆದರೆ ದಿನವಿಡೀ ಎಲ್ಲರಿಗೂ ಕಾಣೋ ಅಂಕಪಟ್ಟಿ. ನನ್ನ ಮಕ್ಕಳಿಗೆ ಇದು ತಟ್ಟನೆ ಅರ್ಥವಾಯ್ತು, ಯಾಕೆ ಅಂತ ಹೇಳಬೇಕಿಲ್ಲ. ಆಮೇಲೆ ಓವನ್ 1825ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ನ್ಯೂ ಹಾರ್ಮನಿ ಅಂತ ಒಂದು ಸಹಬಾಳ್ವೆಯ ಊರು ಕಟ್ಟಲು ಹೋದ. ಕೆಲವೇ ವರ್ಷದಲ್ಲಿ ಅದು ಒಡೆದುಹೋಯ್ತು. ಆದರೆ ಅವನ ಅಂಗಡಿಯ ಯೋಚನೆ ಸಾಯಲಿಲ್ಲ. 1844ರಲ್ಲಿ ರಾಚ್‌ಡೇಲ್ ಅನ್ನೋ ಊರಿನಲ್ಲಿ ನೇಕಾರರೂ ಇದ್ದ 28 ಜನರ ಗುಂಪು ಪೈಸೆ ಪೈಸೆ ಕೂಡಿಸಿ ಸಹಕಾರಿ ಅಂಗಡಿ ತೆರೆಯಿತು. ನಮ್ಮ ಊರಿನ ‘ಸೊಸೈಟಿ’ಗಳು ಇರೋ ದೊಡ್ಡ ವಂಶದಲ್ಲಿ ಆ ಅಂಗಡಿಯೂ ಒಬ್ಬ ಹಿರಿಯ.

ಮೂರನೆಯವನು ಆಂಡ್ರ್ಯೂ ಯೂರ್. ರಸಾಯನಶಾಸ್ತ್ರ ಕಲಿಸುತ್ತಿದ್ದವನು. 1835ರಲ್ಲಿ ಗಿರಣಿಗಳನ್ನ ನೋಡಿ ಬಂದು, ಮಕ್ಕಳು ಲವಲವಿಕೆಯಿಂದ ಆಟದಂತೆ ಕೆಲಸ ಮಾಡ್ತಾರೆ, ಎಲ್ಲ ಚೆನ್ನಾಗಿದೆ ಅಂತ ಬರೆದ.

ನಾಲ್ಕನೆಯವನು ಫ್ರೆಡ್ರಿಕ್ ಎಂಗೆಲ್ಸ್. 1842ರ ಕೊನೆಯಲ್ಲಿ ಮ್ಯಾಂಚೆಸ್ಟರ್‌ಗೆ ಬಂದಾಗ 22 ವರ್ಷ. ಬಂದದ್ದು ಅಪ್ಪನ ಪಾಲುದಾರಿಕೆಯ ದಾರದ ಗಿರಣಿಯಲ್ಲಿ ವ್ಯವಹಾರ ಕಲಿಯೋಕೆ. ಮೇರಿ ಬರ್ನ್ಸ್ ಅನ್ನೋ ಐರಿಷ್ ಮೂಲದ ದುಡಿಯುವ ಹೆಣ್ಣುಮಗಳ ಒಡನಾಟದಿಂದ ಅವನಿಗೆ ಕಾರ್ಮಿಕರ ಕೇರಿಗಳು ಪರಿಚಯ ಆದವು. ಅವನು ಗಮನಿಸಿದ ಒಂದು ಸಂಗತಿ ಇವತ್ತಿನ ಯಾವ ನಗರಕ್ಕೂ ಹೊಂದುತ್ತೆ: ದೊಡ್ಡ ರಸ್ತೆಯ ಎರಡೂ ಬದಿ ಅಂಗಡಿ ಸಾಲು, ಅದರ ಬೆನ್ನಿಗೇ ಕೊಳೆಗೇರಿ, ಮಾಲೀಕ ಮನೆಯಿಂದ ಆಫೀಸಿಗೆ ದಿನಾ ಹೋಗಿ ಬಂದರೂ ಆ ಕೇರಿ ಕಣ್ಣಿಗೆ ಬೀಳೋದಿಲ್ಲ. ಅವನ ಪುಸ್ತಕ 1845ರಲ್ಲಿ ಜರ್ಮನ್ ಭಾಷೆಯಲ್ಲಿ ಬಂತು. 1848ರಲ್ಲಿ ಅವನೂ ಕಾರ್ಲ್ ಮಾರ್ಕ್ಸ್ ಕೂಡ ಸೇರಿ ಕಮ್ಯುನಿಸ್ಟ್ ಪ್ರಣಾಳಿಕೆ ಬರೆದರು. ಬಂಡವಾಳಶಾಹಿಗಳು ಜಗತ್ತನ್ನ ಎಷ್ಟು ವೇಗವಾಗಿ ಬದಲಾಯಿಸಿದ್ರು, ಎಂಥೆಂಥ ಅದ್ಭುತಗಳನ್ನ ಕಟ್ಟಿದ್ರು ಅನ್ನೋದನ್ನ ಆ ಕಿರುಹೊತ್ತಿಗೆ ಮೆಚ್ಚಿಕೊಂಡೇ ಹೇಳುತ್ತೆ. ಆಮೇಲೆ, ಇದರ ಬೆಲೆ ಕೊಟ್ಟವರು ಯಾರು ಅಂತ ಕೇಳುತ್ತೆ.

ಎಂಗೆಲ್ಸ್ ಮುಂದೆ 1850ರಿಂದ ಸುಮಾರು ಇಪ್ಪತ್ತು ವರ್ಷ ಅದೇ ಕಂಪನಿಯಲ್ಲಿ ದುಡಿದ. ಆ ಸಂಪಾದನೆಯಲ್ಲೇ ಮಾರ್ಕ್ಸ್‌ನ ಸಂಸಾರಕ್ಕೆ ಹಣ ಕಳಿಸಿದ. 1867ರಲ್ಲಿ ಬಂದ ‘ಬಂಡವಾಳ’ದ ಮೊದಲ ಸಂಪುಟ ಬರೆಯೋ ಹೊತ್ತಿನಲ್ಲಿ ಮಾರ್ಕ್ಸ್‌ನ ಮನೆ ನಡೆದದ್ದರಲ್ಲಿ ಗಿರಣಿಯ ದುಡ್ಡಿನ ಪಾಲೂ ಇತ್ತು. ಈಗ ಹೇಳಿ, ಎಂಗೆಲ್ಸ್ ಯಾವ ಕಾಲಂ? ಓವನ್ ಯಾವ ಕಾಲಂ?

ಅಗ್ಗದ ಬ್ರೆಡ್ ಮತ್ತು ಹತ್ತು ಗಂಟೆ

ದೊಡ್ಡ ಪಾಠ ಇರೋದು ಮುಂದಿನ ಜಗಳದಲ್ಲಿ. ಸ್ಯಾಡ್ಲರ್ ಕೇಳಿದ ಸಾಕ್ಷ್ಯ ಪತ್ರಿಕೆಗಳಲ್ಲಿ ಬಂದು ಇಂಗ್ಲೆಂಡ್ ತಲ್ಲಣಿಸಿತು. ಗಿರಣಿ ಮಾಲೀಕರು, ಇದು ಒಂದು ಪಕ್ಷದ ಮಾತು, ಸಾಕ್ಷಿಗಳು ಪ್ರಮಾಣ ಮಾಡಿ ಹೇಳಿದ್ದಲ್ಲ, ನಮ್ಮನ್ನ ಕೇಳಲೇ ಇಲ್ಲ ಅಂತ ತಕರಾರು ತೆಗೆದರು. ಆ ತಕರಾರಿನಲ್ಲಿ ಹುರುಳಿತ್ತು. ಹಾಗಾಗಿ 1833ರಲ್ಲಿ ಸರ್ಕಾರ ಇನ್ನೊಂದು ಆಯೋಗ ಕಳಿಸಿತು. ಸ್ಯಾಡ್ಲರ್ ಉತ್ಪ್ರೇಕ್ಷೆ ಮಾಡಿದ್ದಾನೆ ಅಂತ ಅನುಮಾನಪಟ್ಟವರೇ, ಮಕ್ಕಳ ದುಡಿಮೆಗೆ ಕಾನೂನಿನ ಮಿತಿ ಬೇಕು ಅನ್ನೋ ತೀರ್ಮಾನಕ್ಕೆ ಬಂದರು. ಅದೇ ವರ್ಷ ಕಾಯ್ದೆ ಆಯ್ತು. ಬಟ್ಟೆ ಗಿರಣಿಗಳಲ್ಲಿ, ರೇಷ್ಮೆ ಬಿಟ್ಟು, 9 ವರ್ಷದೊಳಗಿನವರು ಕೆಲಸ ಮಾಡುವಂತಿಲ್ಲ. 9ರಿಂದ 13ರ ತನಕ ದಿನಕ್ಕೆ 9 ಗಂಟೆ. 18ರ ತನಕ 12 ಗಂಟೆ. ನೋಡಿಕೊಳ್ಳೋಕೆ ಇಡೀ ದೇಶಕ್ಕೆ ನಾಲ್ಕೇ ನಾಲ್ಕು ಇನ್‌ಸ್ಪೆಕ್ಟರ್. ಆದರೂ ಆ ಇನ್‌ಸ್ಪೆಕ್ಟರ್‌ಗಳ ವರದಿಗಳನ್ನೇ ಮಾರ್ಕ್ಸ್ ಮುಂದೆ ತನ್ನ ಪುಸ್ತಕಕ್ಕೆ ಸಾಕ್ಷಿಯಾಗಿ ಬಳಸಿಕೊಂಡ.

ಈಗ ಯಾರು ಯಾವ ಕಡೆ ನಿಂತಿದ್ರು ನೋಡಿ. ಸ್ಯಾಡ್ಲರ್ ಟೋರಿ, ಅಂದ್ರೆ ಸಂಪ್ರದಾಯವಾದಿ. ಅವನ ನಂತರ ಹತ್ತು ಗಂಟೆಯ ಹೋರಾಟದ ಮುಂದಾಳು ಲಾರ್ಡ್ ಆಶ್ಲಿ, ಅವನೂ ಟೋರಿ, ಜಮೀನ್ದಾರಿ ಮನೆತನದವನು. ಎದುರಿಗೆ ನಿಂತವನು ಜಾನ್ ಬ್ರೈಟ್, ಅದೇ ರಾಚ್‌ಡೇಲ್‌ನ ಗಿರಣಿ ಮಾಲೀಕ, ಉದಾರವಾದಿ, ಬಡವರ ಪರ ಮಾತಾಡಿ ಹೆಸರು ಮಾಡಿದವನು. ಜಮೀನ್ದಾರರ ಲಾಭಕ್ಕಾಗಿ ಹೊರಗಿನ ಗೋಧಿಗೆ ಹಾಕಿದ್ದ ಸುಂಕ ತೆಗೀರಿ, ಬಡವನ ಬ್ರೆಡ್ ಅಗ್ಗ ಆಗಲಿ ಅಂತ ರಿಚರ್ಡ್ ಕಾಬ್ಡೆನ್ ಜೊತೆ ಸೇರಿ ವರ್ಷಗಟ್ಟಲೆ ಹೋರಾಡಿದ. 1846ರಲ್ಲಿ ಗೆದ್ದ. ಮರುವರ್ಷ, 1847ರಲ್ಲಿ, ಹೆಂಗಸರ ಮತ್ತು ಹದಿಹರೆಯದವರ ದುಡಿಮೆಯನ್ನ ಹತ್ತು ಗಂಟೆಗೆ ಮಿತಿಗೊಳಿಸೋ ಕಾನೂನು ಬಂತು. ಬ್ರೈಟ್ ಅದನ್ನ ವಿರೋಧಿಸಿದ. ಸರ್ಕಾರ ಗೋಧಿ ವ್ಯಾಪಾರದಲ್ಲಿ ಕೈಹಾಕಬಾರದು ಅಂದ ಮೇಲೆ ಕೂಲಿಯ ವಿಷಯದಲ್ಲಿ ಕೈಹಾಕಬಹುದಾ? ಅವನ ತರ್ಕ ಒಂದೇ ದಾರಿಯಲ್ಲಿ ನಡೀತಿತ್ತು.

ಜಮೀನ್ದಾರನಿಗೆ ಗಿರಣಿ ಮಾಲೀಕನ ತಪ್ಪು ಸ್ಪಷ್ಟವಾಗಿ ಕಾಣ್ತಿತ್ತು. ಗಿರಣಿ ಮಾಲೀಕನಿಗೆ ಜಮೀನ್ದಾರನ ತಪ್ಪು ಅಷ್ಟೇ ಸ್ಪಷ್ಟವಾಗಿ ಕಾಣ್ತಿತ್ತು. ಕಾರ್ಮಿಕನಿಗೆ ಇಬ್ಬರಿಂದಲೂ ಒಂದೊಂದು ಬೇಕಾಗಿತ್ತು: ಅಗ್ಗದ ಬ್ರೆಡ್ಡೂ ಬೇಕು, ಹತ್ತು ಗಂಟೆಯೂ ಬೇಕು.

ಇದನ್ನ ಕ್ಲಾಸಿನಲ್ಲಿ ಚೀಟಿ ಹಂಚಿ ಮಾಡಿಸಿದೆ. ಒಬ್ಬ ಮಾಲೀಕ, ಒಬ್ಬ ಜಮೀನ್ದಾರ, ಒಬ್ಬ ಕೈಮಗ್ಗದ ನೇಕಾರ, ಒಬ್ಬಳು ಗಿರಣಿಯಲ್ಲಿ ದುಡಿಯೋ ಮಗುವಿನ ತಾಯಿ. ಪ್ರಶ್ನೆ ಒಂದೇ: ಮಕ್ಕಳ ದುಡಿಮೆಯ ಹೊತ್ತು ಕಡಿಮೆ ಮಾಡೋ ಕಾನೂನು ಬೇಕಾ? ಮೊದಲು ಎಲ್ಲರೂ “ಬೇಕು ಬೇಕು” ಅಂತ ಕೂಗಿದ್ರು. ತಾಯಿಯ ಚೀಟಿ ಬಂದ ಹುಡುಗಿ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಗೂದು ಕೂಲಿ ನಿಂತ್ರೆ ಬಾಡಿಗೆ ಯಾರು ಕಟ್ತಾರೆ ಸರ್?” ಅಂದಳು. ಕ್ಲಾಸು ತಣ್ಣಗಾಯ್ತು. ಹಾಗಾದ್ರೆ ಮಗು ದುಡೀಲಿ ಅಂತ ಅವಳ ಅರ್ಥ ಅಲ್ಲ. ಬರೀ ನಿಷೇಧ ಸಾಲದು, ದೊಡ್ಡವರ ಕೂಲಿಯ ಪ್ರಶ್ನೆಯೂ ಜೊತೆಗಿದೆ ಅಂತ ಅವಳಿಗೆ ಹೊಳೆದಿತ್ತು.

ಧಾರವಾಡದ ಹತ್ತಿ, ಸೋವಿಯತ್ ಗಡಿಯಾರ

ಮ್ಯಾಂಚೆಸ್ಟರ್ ಕಥೆ ಇಂಗ್ಲೆಂಡಿನಲ್ಲೇ ಮುಗಿಯೋದಿಲ್ಲ. ಅಲ್ಲಿನ ಗಿರಣಿಗಳಿಗೆ ಹತ್ತಿ ಬರ್ತಾ ಇದ್ದದ್ದು ಹೆಚ್ಚಾಗಿ ಅಮೆರಿಕದ ದಕ್ಷಿಣ ರಾಜ್ಯಗಳಿಂದ. ಬೆಳೀತಾ ಇದ್ದವರು ಗುಲಾಮರು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಗಿ ಹತ್ತಿ ನಿಂತಿತು. ಮ್ಯಾಂಚೆಸ್ಟರ್ ವ್ಯಾಪಾರಿಗಳ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಇನ್ನೂ ಗಟ್ಟಿಯಾಗಿ ಬಿತ್ತು. ಆ ಹತ್ತಿಯನ್ನ ಘಟ್ಟ ಇಳಿಸಿ ಕಾರವಾರ ಬಂದರಿಗೆ ತರಬೇಕು. ಅದಕ್ಕೆ ರಸ್ತೆ ಬೇಕು. ಆಗ ಅವರು ಮಾಡಿದ್ದೇನು? ಸರ್ಕಾರವೇ ರಸ್ತೆ ಮಾಡಿಕೊಡಲಿ, ಬಂದರು ಸರಿಪಡಿಸಲಿ ಅಂತ ಒತ್ತಾಯ ಮಾಡಿದ್ರು. ವ್ಯಾಪಾರದಲ್ಲಿ ಸರ್ಕಾರ ತಲೆಹಾಕಬಾರದು ಅಂತ ಜಗತ್ತಿಗೆ ಬೋಧಿಸಿದ ಊರು ಅದು. ಯುದ್ಧ ಮುಗಿದು 1865ರಲ್ಲಿ ಹತ್ತಿ ಬೆಲೆ ಕುಸಿದಾಗ ಪೆಟ್ಟು ಬಿದ್ದದ್ದು ಇಲ್ಲಿಯವರಿಗೆ.

ಇದನ್ನ ಹೇಳಿದರೆ ಮಕ್ಕಳು ಬಂಡವಾಳಶಾಹಿ ಮೋಸ, ಸಮಾಜವಾದ ಸರಿ ಅನ್ನೋ ತೀರ್ಪಿಗೆ ಹಾರಿಬಿಡ್ತಾರೆ. ಅಲ್ಲಿ ನಿಲ್ಲಿಸಿದರೆ ಅದೂ ಅರ್ಧ ಪಾಠವೇ. ಸೋವಿಯತ್ ಒಕ್ಕೂಟದಲ್ಲಿ ಖಾಸಗಿ ಮಾಲೀಕ ಇರಲಿಲ್ಲ. 1928ರಲ್ಲಿ ಮೊದಲ ಪಂಚವಾರ್ಷಿಕ ಯೋಜನೆ ಶುರುವಾಯ್ತು, ಕೆಲವೇ ವರ್ಷದಲ್ಲಿ ಉಕ್ಕು, ವಿದ್ಯುತ್, ಟ್ರ್ಯಾಕ್ಟರ್ ಎಲ್ಲ ಬೆಳೆದವು. ಅದೇ ದೇಶದಲ್ಲಿ 1940ರ ಜೂನ್‌ನಲ್ಲಿ ಒಂದು ಆಜ್ಞೆ ಹೊರಟಿತು: ಕೆಲಸಕ್ಕೆ 20 ನಿಮಿಷಕ್ಕಿಂತ ತಡವಾಗಿ ಬಂದರೆ ಅದು ಅಪರಾಧ, ಆರು ತಿಂಗಳ ತನಕ ಸಂಬಳದ ಕಾಲು ಭಾಗ ಕಡಿತ, ಹೇಳದೆ ಕೆಲಸ ಬಿಟ್ಟರೆ ಜೈಲು. ಮಾಲೀಕ ಹೋಗಿದ್ದ, ಗಂಟೆ ಇನ್ನೂ ಇತ್ತು. ಅದನ್ನ ಬಾರಿಸ್ತಾ ಇದ್ದದ್ದು ಸರ್ಕಾರ, ಅದರ ವಿರುದ್ಧ ನಿಲ್ಲೋಕೆ ಸ್ವತಂತ್ರ ಯೂನಿಯನ್ನೂ ಇರಲಿಲ್ಲ.

ಹಾಗಾಗಿ ನಾನು ಮಕ್ಕಳಿಗೆ ಹೇಳೋದು: ಯಾವ ವಾದವನ್ನೇ ಓದಿ, ಆ ಮೂರು ಪ್ರಶ್ನೆಗಳನ್ನ ಬಿಡಬೇಡಿ. ಗಂಟೆ ಯಾರ ಕೈಯಲ್ಲಿದೆ, ಲಾಭ ಯಾರಿಗೆ, ಸರ್ಕಾರ ಎಲ್ಲಿ ನಿಂತಿದೆ. ನಾಲ್ಕನೆಯದೊಂದನ್ನೂ ಸೇರಿಸಿ: ಇದು ಸರಿ ಇಲ್ಲ ಅಂತ ಹೇಳೋ ಜಾಗ ದುಡಿಯುವವನಿಗೆ ಇದೆಯಾ?

ಅಜ್ಜನ ಉತ್ತರ

ಪಾಠ ಮುಗಿದ ಮೇಲೆ ಮನೆಗೆಲಸ ಕೊಟ್ಟೆ. ಮನೆಯಲ್ಲಿ ಅಥವಾ ಓಣಿಯಲ್ಲಿ ಹಿರಿಯರೊಬ್ಬರನ್ನ ಕೂರಿಸಿಕೊಂಡು ಈ ನಾಲ್ಕು ಪ್ರಶ್ನೆ ಕೇಳಿ ಬನ್ನಿ ಅಂದೆ. ಮಿಲ್‌ನಲ್ಲಿ ದುಡಿದವರೇ ಆಗಬೇಕಿಲ್ಲ. ಹೋಟೆಲ್, ಗ್ಯಾರೇಜ್, ಬೀಡಿ ಕಟ್ಟೋ ಕೆಲಸ, ಯಾವುದಾದರೂ ಸರಿ.

ಆ ಹುಡುಗಿ ಎರಡು ಪುಟ ಬರ್ಕೊಂಡು ಬಂದಿದ್ದಳು. ಅಜ್ಜನಿಗೆ ರಾತ್ರಿ ಪಾಳಿ ಅಂದ್ರೆ ಆಗ್ತಿರಲಿಲ್ಲ. ಹತ್ತಿ ಧೂಳಿಗೆ ಕೆಮ್ಮು ಹಿಡಿದದ್ದು ಇವತ್ತಿಗೂ ಬಿಟ್ಟಿಲ್ಲ. ಬೋನಸ್ ಬಂದ ವರ್ಷ ಮನೆಗೆ ಹೆಂಚು ಹಾಕಿಸಿದ್ದು, ಮಕ್ಕಳನ್ನ ಓದಿಸಿದ್ದು ಅದೇ ಮಿಲ್ ಸಂಬಳದಲ್ಲಿ. ಯೂನಿಯನ್ ಮೆರವಣಿಗೆಗೂ ಹೋಗಿದ್ರು, ಮಿಲ್‌ನ ಆಯುಧಪೂಜೆಯಲ್ಲಿ ಯಂತ್ರಕ್ಕೆ ಹೂ ಏರಿಸಿದ್ದೂ ಅವರೇ. ಮಿಲ್ ಮುಚ್ಚಿದ ಮೇಲೆ ಬರಬೇಕಾದ ದುಡ್ಡಿಗೆ ವರ್ಷಗಟ್ಟಲೆ ಅಲೆದ್ರು. ಕೊನೆಗೆ ಅವಳು ಕೇಳಿದ್ದಾಳೆ, “ಅಜ್ಜ, ನಿಮಗೆ ಮಿಲ್ ಮೇಲೆ ಸಿಟ್ಟು ಇಲ್ವಾ?” ಅದಕ್ಕೆ ಅಜ್ಜ, “ಸಿಟ್ಟು ಐತಿ. ಆದ್ರ ಮಿಲ್ ಇರಬೇಕಿತ್ತು” ಅಂದ್ರಂತೆ.

ಅವಳು ಅದನ್ನ ಓದಿ ಹೇಳಿ, “ಸರ್, ಇದು ಎರಡೂ ಕಾಲಮ್ಮಿಗೆ ಹೋಗ್ತದೆ” ಅಂದಳು. ಹೌದು ಅಂದೆ. ಒಂದು ವಾರ ತಡವಾಗಿ ಕೊಟ್ಟ ಉತ್ತರ.

ಪರೀಕ್ಷೆಯಲ್ಲಿ ವ್ಯತ್ಯಾಸ ಬರೆಯಿರಿ ಅಂತ ಬಂದರೆ ಎರಡು ಕಾಲಂ ಎಳೆದೇ ಬರೆಯಿರಿ, ಅಂಕ ಬಿಡಬೇಡಿ ಅಂತಲೂ ಹೇಳಿದ್ದೀನಿ. ನಾಲ್ಕು ಅಂಕದ ಬೆಲೆ ನನಗೂ ಗೊತ್ತು. ಆದರೆ ಈ ಮಕ್ಕಳಲ್ಲಿ ಹೆಚ್ಚಿನವರು ಇನ್ನು ಕೆಲವು ವರ್ಷಕ್ಕೆ ಯಾವುದೋ ಒಂದು ಕೆಲಸಕ್ಕೆ ಸೇರ್ತಾರೆ. ಅಲ್ಲೂ ಒಂದು ಗಂಟೆ ಇರುತ್ತೆ. ಈಗ ಅದು ಗೋಡೆ ಮೇಲೆ ಇರಲ್ಲ, ಮೊಬೈಲಿನ ಆ್ಯಪ್‌ನಲ್ಲಿರುತ್ತೆ. ಅವತ್ತು ಅವರಿಗೆ ಕಾಲಂ ನೆನಪಾಗದಿದ್ದರೂ ಪರವಾಗಿಲ್ಲ, ಪ್ರಶ್ನೆಗಳು ನೆನಪಾದರೆ ಸಾಕು.

ನಿಮ್ಮ ಮನೆಯಲ್ಲೂ ಇಂಥ ಹಿರಿಯರಿದ್ದರೆ ಒಂದು ಸಂಜೆ ಕೂತು ಕೇಳಿ.